ಹಳದಿಯ ಪಾಲು

ಮಾರ್ಚ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ ನಲವತ್ತು ನಿಮಿಷ. ವೈದ್ಯೆ ವರದಿಯನ್ನು ಅವಳ ಕಡೆಗೆ ತಿರುಗಿಸಿ, ಒಂದು ಸಾಲಿನ ಕೆಳಗೆ ಪೆನ್ನಿನ ತುದಿ ಇಟ್ಟರು. ಯಕೃತ್ತಿನಲ್ಲಿ ಕೊಬ್ಬಿನ ಪ್ರಮಾಣ ನೂರಕ್ಕೆ ಇಪ್ಪತ್ತೆರಡು.

"ಇದು ನನ್ನದಲ್ಲ," ಎಂದಳು ಅವಳು. "ಅದಲುಬದಲಾಗಿದೆ. ಹೆಸರು ನೋಡಿ."

ಹೆಸರು ಅವಳದೇ. ವಯಸ್ಸು ಐವತ್ತೊಂದು, ತೂಕ ನಲವತ್ತೊಂಬತ್ತು ಕಿಲೋ, ಅವೂ ಅವಳವೇ.

"ನಮಗೂ ನಂಬಿಕೆ ಬರಲಿಲ್ಲಮ್ಮ, ಎರಡು ಸಲ ನೋಡಿದ್ವಿ. ಹತ್ತು ದಾಟಿದ್ರೆ ಇಲ್ಲಿ ದಾನಿಯಾಗಿ ತಗೊಳ್ಳಲ್ಲ. ಹದಿನೆಂಟನೇ ತಾರೀಖಿನ ಆಪರೇಶನ್ ಆಗಲ್ಲ."

ಮೂರು ಮಹಡಿ ಮೇಲೆ ಅವಳ ತಮ್ಮ ಮಲಗಿದ್ದ. ಯಾವಾಗಲೋ ತಗುಲಿದ್ದ ವೈರಸ್ಸೊಂದು ಅವನ ಯಕೃತ್ತನ್ನು ಸದ್ದಿಲ್ಲದೆ ತಿಂದು ಮುಗಿಸಿತ್ತು. ಮನೆಯವರ ಪೈಕಿ ರಕ್ತ ಹೊಂದಿದ್ದು ಅಕ್ಕನದೊಂದೇ. ಅವಳ ಯಕೃತ್ತಿನ ಒಂದು ಭಾಗ ಅವನಿಗೆ ಎಂದು ಡಿಸೆಂಬರಿನಲ್ಲೇ ತೀರ್ಮಾನವಾಗಿತ್ತು.

ಪಕ್ಕದ ಕುರ್ಚಿಯಲ್ಲಿದ್ದ ತಮ್ಮನ ಹೆಂಡತಿ ಮುಂದಕ್ಕೆ ಬಾಗಿದಳು. "ಕಡ್ಡಿ ಇದ್ದಂಗಿದಾರೆ ಡಾಕ್ಟ್ರೇ. ಒಂದು ತೊಟ್ಟು ಕುಡಿಯೋರಲ್ಲ. ಇವರಲ್ಲಿ ಕೊಬ್ಬು ಅಂತ ಇದ್ರೆ ಅದು ಮಾತಲ್ಲಿ ಮಾತ್ರ." ತಾನು ಹೇಳಿದ್ದಕ್ಕೆ ತಾನೇ ನಗಲು ಹೋದ ಅವಳ ಬಾಯಿ ಅರ್ಧಕ್ಕೆ ನಿಂತಿತು.

"ಏನು ಊಟ ಮಾಡ್ತೀರಿ?" ಎಂದರು ವೈದ್ಯೆ.

ಅಕ್ಕ ಚೀಲದಿಂದ ನೋಟ್‌ಬುಕ್ ತೆಗೆದಳು. ಶಿಶುಗಳ ಹಾಲಿನ ಪುಡಿ ಮಾಡುವ ಕಾರ್ಖಾನೆಯ ತೂಕದ ಕೋಣೆಯಲ್ಲಿ ಅವಳಿಗೆ ಹತ್ತೊಂಬತ್ತು ವರ್ಷದ ಕೆಲಸ. ಅಲ್ಲಿ ಅವಳ ಹೆಸರೇ ತಕ್ಕಡಿ. ಅಪ್ಪ ಎದೆನೋವಿನಿಂದ ಕುಸಿದು ಹೋದ ಮೇಲೆ, ಕೊಬ್ಬಿಗೆ ಹೆದರಿ, ತನ್ನ ತಟ್ಟೆಯನ್ನೂ ತೂಗತೊಡಗಿದ್ದಳು. ಬ್ರೆಡ್ಡು, ಅನ್ನ, ಬೇಯಿಸಿದ ಗೆಣಸು, ಹಣ್ಣಿನ ರಸ, ಮೊಟ್ಟೆಯ ಬಿಳಿಭಾಗ, ಎಲ್ಲವೂ ಗ್ರಾಂ ಲೆಕ್ಕದಲ್ಲಿ. ಎಣ್ಣೆ, ಹಾಲು, ಮಾಂಸದ ಕಾಲಂಗಳಲ್ಲಿ ಬರೀ ಗೆರೆ ಎಳೆದಿದ್ದಳು. ತಮ್ಮನಿಗೆ ಕೊಡುವುದು ಚೊಕ್ಕವಾಗಿರಲೆಂದು ಡಿಸೆಂಬರಿನಿಂದ ಕಾಳನ್ನೂ ಬಿಟ್ಟಿದ್ದಳು. ಪ್ರತಿ ಪುಟದ ಕೊನೆಗೆ ಕೊಬ್ಬು ಎಂದು ಬರೆದು, ಎದುರಿಗೆ ದುಂಡಗೆ ಸೊನ್ನೆ ಸುತ್ತಿದ್ದಳು.

ವೈದ್ಯೆ ನಿಧಾನವಾಗಿ ಪುಟ ತಿರುವಿದರು. "ಮೊಟ್ಟೆಯ ಹಳದಿ?"

"ಅದು ತಮ್ಮನಿಗೆ."

ಬಾಲ್ಯದಲ್ಲಿ ಇಬ್ಬರಿಗೂ ಸೇರಿ ಒಂದೇ ಮೊಟ್ಟೆ. ಅಮ್ಮ ಚಮಚದ ಬೆನ್ನಿನಿಂದ ಅದನ್ನು ಬಿಡಿಸಿ, ಹಳದಿಯನ್ನು ಚಿಕ್ಕವನ ತಟ್ಟೆಗೆ, ಬಿಳಿಯನ್ನು ದೊಡ್ಡವಳ ತಟ್ಟೆಗೆ ಹಾಕುತ್ತಿದ್ದಳು. ಮುಂದೆ ಡಜನ್‌ಗಟ್ಟಲೆ ತರುವ ಕಾಲ ಬಂದರೂ ಪಾಲು ಬದಲಾಗಲಿಲ್ಲ. ಒಂದೇ ಮನೆಯ ಕೆಳಗೆ ಮೇಲೆ ಇದ್ದವರು. ಅವಳ ಮೊಟ್ಟೆಯ ಹಳದಿ ಬಟ್ಟಲಲ್ಲಿ ಮೆಟ್ಟಿಲು ಹತ್ತಿ ಹೋಗುತ್ತಿತ್ತು.

"ಲಿವರ್ ತನ್ನೊಳಗಿನ ಕೊಬ್ಬನ್ನ ಮೂಟೆ ಕಟ್ಟಿ ಹೊರಗೆ ಕಳಿಸ್ಬೇಕು," ಎಂದರು ವೈದ್ಯೆ. "ಅನ್ನ, ಬ್ರೆಡ್ಡು, ಜ್ಯೂಸಿಂದಾನೂ ಅದು ಕೊಬ್ಬು ಮಾಡ್ಕೊಳ್ಳುತ್ತೆ. ಮೂಟೆ ಕಟ್ಟೋಕೆ ಕೋಲೀನ್ ಅಂತ ಒಂದು ಬೇಕು. ಅದು ಸಾಲದಿದ್ರೆ ಕೊಬ್ಬು ಅಲ್ಲೇ ಕೂತ್ಕೊಳ್ಳುತ್ತೆ. ಮುಟ್ಟು ನಿಂತ ಮೇಲೆ ಮೈ ತಾನಾಗಿ ಮಾಡ್ಕೊಳ್ಳೋದೂ ಕಮ್ಮಿ. ಇದೊಂದೇ ಕಾರಣ ಅಂತ ನಾನು ಹೇಳಲ್ಲ. ಆದ್ರೆ ಹಳದಿ, ಹಾಲು, ಮಾಂಸ, ಕಾಳು, ಅದು ಸಿಗೋ ಕಡೆಗಳನ್ನೆಲ್ಲ ನೀವು ಹುಡುಕಿ ಹುಡುಕಿ ಬಿಟ್ಟಿದೀರಿ."

ಅಕ್ಕ ಮೇಜಿನ ಅಂಚು ಹಿಡಿದುಕೊಂಡಳು. "ಬಿಳಿ ಪುಡಿ," ಎಂದಳು. "ತೇವ ತಾಗಿದ್ರೆ ಗಂಟು ಕಟ್ಟುತ್ತೆ."

"ಯಾವುದು?"

"ಕೋಲೀನ್. ಒಂಬತ್ತನೇ ಡ್ರಮ್ಮು. ಮಕ್ಕಳ ಪುಡಿಗೆ ನಾನೇ ತೂಗಿ ಹಾಕೋದು. ನಿನ್ನೇನೂ ಹಾಕಿದೀನಿ."

ವೈದ್ಯೆ ಪೆನ್ನು ಕೆಳಗಿಟ್ಟರು. "ಅದನ್ನ ಯಾಕೆ ಹಾಕ್ತಾರೆ ಅಂತ..."

"ಕೇಳಲಿಲ್ಲ. ಎಷ್ಟು ಹಾಕ್ಬೇಕು ಅಂತಷ್ಟೇ ಕೇಳ್ತಿದ್ದೆ."

ಹೊರಗೆ ಯಾರದೋ ಟೋಕನ್ ಸಂಖ್ಯೆ ಕೂಗಿದರು. ಅವಳ ಕೈಗೆ ಆ ಪುಡಿಯ ನುಣುಪು, ಕೈಗವಸಿನ ಬೆರಳ ಸಂದಿಯಲ್ಲಿ ಅದು ಅಂಟುವ ಬಗೆ ಎಲ್ಲ ನೆನಪಿತ್ತು.

"ಊಟ ಬದಲಿಸಿದ್ರೆ ಇಳಿಯೋ ಸಾಧ್ಯತೆ ಇದೆ. ಆರು ವಾರ ಬಿಟ್ಟು ಮತ್ತೆ ನೋಡೋಣ."

"ಅವನು ಆರು ವಾರ ಇರ್ತಾನಾ?"

"ನಮ್ಮ ಕೈಲಾದಷ್ಟು ಮಾಡ್ತೀವಿ," ಎಂದ ವೈದ್ಯೆ, ಅವಳನ್ನು ನೋಡದೆ ನೋಟ್‌ಬುಕ್ ಮುಚ್ಚಿ ಕೊಟ್ಟರು.

ಲಿಫ್ಟಿನ ಮುಂದೆ ತಮ್ಮನ ಹೆಂಡತಿ ನಿಂತೇ ಇದ್ದಳು. ಅಕ್ಕ ಮೆಟ್ಟಿಲು ಹತ್ತತೊಡಗಿದಳು. ಎರಡನೇ ತಿರುವಿನಲ್ಲಿ ಗೋಡೆಗೆ ಒರಗಿದಳು. ಬಲಪಕ್ಕೆಯ ಮೇಲೆ ಕೈಯಿಟ್ಟು ನೋಡಿದಳು. ನೋವಿರಲಿಲ್ಲ. ಯಾವತ್ತೂ ಇರಲಿಲ್ಲ.

ತಮ್ಮನ ಮುಂದೆ ಮಧ್ಯಾಹ್ನದ ಟ್ರೇ ಬಂದಿತ್ತು: ಗಂಜಿ, ಬೇಯಿಸಿದ ಒಂದು ಮೊಟ್ಟೆ. ಅವಳು ಮಂಚದ ಅಂಚಿನಲ್ಲಿ ಕೂತು, ಸಂಖ್ಯೆಗಳನ್ನೂ ಬಿಡದೆ, ಎಲ್ಲ ಹೇಳಿದಳು.

"ತಕ್ಕಡಿ ತಪ್ಪಿದ್ದು ಇದೇ ಮೊದಲು," ಎಂದ ಅವನು. "ನಲವತ್ತು ವರ್ಷ ನಿನ್ನ ಪಾಲು ತಿಂದೆ ನಾನು."

"ನಾನೇ ಕೊಟ್ಟೆ ಕಣೋ."

"ಕೊಟ್ಟೆ. ನಾನು ಬೇಡ ಅಂದ್ನಾ?"

ಅವನು ಸೂಜಿ ಚುಚ್ಚಿದ್ದ ಕೈಯಲ್ಲೇ ಚಮಚ ಹಿಡಿದು, ಅಮ್ಮನ ಹಾಗೆ ಅದರ ಬೆನ್ನಿನಿಂದ ಮೊಟ್ಟೆ ಬಿಡಿಸಿದ. ಬಿಳಿಯನ್ನು ತನ್ನ ಗಂಜಿಯ ಪಕ್ಕಕ್ಕೆ ಎಳೆದುಕೊಂಡು, ಹಳದಿಯನ್ನು ತಟ್ಟೆಯ ಮುಚ್ಚಳದ ಮೇಲಿಟ್ಟು ಅವಳ ಕಡೆ ತಳ್ಳಿದ.

"ತಿನ್ನು."

ಅವಳು ಅಲ್ಲಾಡಲಿಲ್ಲ.

"ಏನಕ್ಕ, ತೂಗದೆ ತಿನ್ನೋಕಾಗಲ್ವ? ತೂಗೇ ತಿನ್ನು ಮತ್ತೆ."

ಅವಳು ಚೀಲದಿಂದ ಅಂಗೈಯಗಲದ ತೂಕದ ಯಂತ್ರ ತೆಗೆದು ಟ್ರೇಯ ಮೇಲಿಟ್ಟಳು. ಅಂಕಿಗಳು ಸೊನ್ನೆಗೆ ಬರುವವರೆಗೆ ಕಾದು, ಹಳದಿಯನ್ನು ಎತ್ತಿ ಅದರ ಮೇಲಿಟ್ಟಳು. ಬೆರಳು ತಾಗಿಯೇ ಇದ್ದುದರಿಂದ ಅಂಕಿಗಳು ಮೇಲೆ ಕೆಳಗೆ ಓಡಿದವು. ಅವನು ಅವಳ ಮಣಿಕಟ್ಟು ಹಿಡಿದು ಕೈಯನ್ನು ಮೆಲ್ಲಗೆ ಈಚೆಗೆ ತೆಗೆದ.

ಹದಿನೇಳು ಗ್ರಾಂ.