ಅವಳಿಗೆ ಮೂವತ್ತೆರಡು ಡಿಗ್ರಿ

ಮೂವತ್ತೆರಡು, ಗಾಜಿನ ಪೆಟ್ಟಿಗೆಯೊಳಗೆ ಕೆಂಪು ಅಂಕಿ ಮಿನುಗುತ್ತಿದೆ, ಮೂವತ್ತೆರಡೇ ಇರಬೇಕು, ಒಂದು ಹೆಚ್ಚಿಲ್ಲ ಒಂದು ಕಡಿಮೆಯಿಲ್ಲ, ಗಂಡನ ಅಪ್ಪಣೆ — ಪೆಟ್ಟಿಗೆಯ ಹೊರಗೆ ಮಾತ್ರ ಹದಿನೆಂಟು, ಆಫೀಸಿನಲ್ಲಿ ಕೂತೇ ಫೋನಿನಿಂದ ಏಸಿ ಹಾಕಿದ್ದಾನೆ ಮಹಾರಾಯ, ನಾನು ಬರೋ ಹೊತ್ತಿಗೆ ಮನೆ ತಣ್ಣಗಿರಬೇಕು ಕಣೇ, ಆರಿಸಿದರೆ ಅಲ್ಲಿಂದಲೇ ಮತ್ತೆ ಹಾಕುತ್ತಾನೆ, ಶಾಲಿನ ಮೇಲೆ ಶಾಲು ಹೊದ್ದರೂ ಅವಳ ಹಲ್ಲು ಕಟಕಟ ಅನ್ನುತ್ತಿವೆ, ಮೂರು ದಿನದ ಜ್ವರ, ಬಾಯಿ ಕಹಿ, ಮನಸ್ಸು ಅದಕ್ಕಿಂತ ಕಹಿ, ಒಳಗೆ ಬಿಸಿ ಕಲ್ಲಿನ ಮೇಲೆ ಗಂಡನ ಮುದ್ದಿನ ಚುಕ್ಕೆ ಹಲ್ಲಿ ಹಾಯಾಗಿ ಮಲಗಿದೆ, ಬಾಣಂತಿಗೂ ಇಷ್ಟು ಉಪಚಾರವಿಲ್ಲ. ಬೆಳಿಗ್ಗೆ — ನೆನೆದರೆ ಮೈ ಉರಿಯುತ್ತದೆ, ಜ್ವರದಿಂದಲ್ಲ — ಕೋಣೆಯ ಬಾಗಿಲು ಅರೆ ತೆರೆದಿತ್ತು, ಹಜಾರದಲ್ಲಿ ಗಂಡ ಫೋನಿನಲ್ಲಿ, ಎರಡು ದಿನದಿಂದ ಏನೂ ತಿಂದಿಲ್ಲ ಡಾಕ್ಟ್ರೇ, ಮೂಲೆ ಹಿಡಿದು ಮಲಗ್ಬಿಟ್ಟಿದ್ದಾಳೆ, ನಂಗೆ ಕೈಕಾಲೇ ಆಡ್ತಿಲ್ಲ, ತನಗಾಗಿ ಡಾಕ್ಟರಿಗೆ ಫೋನು, ಹನ್ನೆರಡು ವರ್ಷದಲ್ಲಿ ಮೊದಲ ಸಲ, ಅವಳು ದಿಂಬಿಗೆ ಮುಖ ಒತ್ತಿ ಅತ್ತೇಬಿಟ್ಟಳು, ಪೆದ್ದಿ, ಹನ್ನೆರಡು ವರ್ಷದ ಉರಿಮುಖವನ್ನೆಲ್ಲ ಒಂದೇ ಏಟಿಗೆ ಮಾಫಿ ಮಾಡಿದಳು, ಪಾಪ, ಒಳಗೊಳಗೇ ಇಷ್ಟು ಪ್ರೀತಿ ಇಟ್ಟುಕೊಂಡಿದ್ದನಲ್ಲ, ಗಾಬರಿಯಾಗಬೇಡಿ ರೀ ಅನ್ನೋಣ ಅಂತ ಕಾಲು ಕೆಳಗಿಟ್ಟಿದ್ದಳು, ಆಗ ಬಂತು, ಬಾಲಾನೂ ಅಲ್ಲಾಡಿಸ್ತಿಲ್ಲ ಡಾಕ್ಟ್ರೇ. ಬಾಲ.

ಹಲ್ಲಿಗೆ ಅವಳು, ಹೆಂಡತಿಗೆ ಇದು — ಆಮೇಲೆ ಅತ್ತೆ ಫೋನು ಮಾಡಿ ಸೊಸೆ ಹೇಗಿದ್ದಾಳೋ ಅಂದದ್ದಕ್ಕೆ ಅಂದನಲ್ಲ, ಇದಕ್ಕೇನಮ್ಮ, ಸ್ವಲ್ಪ ಮೈ ಬಿಸಿ, ಗುಂಡುಕಲ್ಲಿನ ಥರ ಇದೆ. ಕಲ್ಲೇ ಆಗಿದ್ದರೆ ಪೆಟ್ಟಿಗೆಯೊಳಗಾದರೂ ಜಾಗ ಸಿಗುತ್ತಿತ್ತು, ಕೆಳಗೆ ಕಾಯಿಸುವ ಹಾಸು, ಮೇಲೆ ಬಲ್ಬು, ಬಲ್ಬಿನ ಪಕ್ಕ ಕ್ಯಾಮೆರಾ, ಆಫೀಸಿನಿಂದಲೇ ಮುಖ ನೋಡಿಕೊಂಡಿರಲು. ಏಸಿಯ ಚಳಿ ಹಿಡಿದಿದೆ ಅಂದರಂತೆ ಪ್ರಾಣಿ ಡಾಕ್ಟರು, ಏಸಿ ಆರಿಸಿ ಅಂದಿದ್ದರೆ ಇಬ್ಬರಿಗೂ ಸುಖವಿತ್ತು, ಬಲ್ಬಿನ ಸ್ವಿಚ್ಚು ಇಲ್ಲೇ ಇದೆ, ಆರಿಸಿಬಿಡಲಾ, ಬೇಡ, ಅದೇನು ತಾನಾಗಿ ಬಂತೇ, ತಂದು ಇಟ್ಟುಕೊಂಡದ್ದು, ತನ್ನನ್ನೂ ಹಾಗೇ — ಮುಚ್ಚಳ ಸರಿಸಿ ಕೈ ಒಳಗಿಟ್ಟಳು, ಅಮ್ಮಾ, ಎಷ್ಟು ಬೆಚ್ಚಗೆ, ಬೆರಳ ಗಂಟುಗಳು ಒಂದೊಂದಾಗಿ ಸಡಿಲವಾಗುತ್ತಿವೆ, ಹಲ್ಲಿ ಅರೆಗಣ್ಣು ತೆರೆದು ನೋಡಿತು, ಒಂಚೂರು ಸರಿದು ಜಾಗವನ್ನೂ ಕೊಟ್ಟಿತು, ಮೊಬೈಲು ಬಡಿದುಕೊಂಡಿತು, ಗಂಡ, ಕ್ಯಾಮೆರಾದಲ್ಲಿ ನೋಡಿರಬೇಕು, ಕೊನೆಗೂ ನೋಡಿದ, ಚಳಿಯಾಗ್ತಿದೆಯಾ ಅಂತ ಒಂದು ಮಾತು ಕೇಳಲಿ, ಒಂದೇ ಮಾತು, ಸಾಕು — ಏಯ್, ಕೈ ತೆಗಿ ಆಚೆ, ಮುಚ್ಚಳ ಹಾಕು, ಅವಳಿಗೆ ಚಳಿಯಾಗುತ್ತೆ.

ತೆಗೆಯಲಿಲ್ಲ, ಕಲ್ಲಿನ ಮೇಲೆ ಕೈ, ಕೈಯ ಪಕ್ಕದಲ್ಲಿ ಹಲ್ಲಿ, ಹಲೋ, ಕೇಳಿಸ್ತಾ, ಕೆಂಪು ಅಂಕಿ, ಮೂವತ್ತೆರಡು, ಹಲೋ, ಇಳಿದಿಲ್ಲ, ಮೂವತ್ತೆರಡು, ಮೂವತ್ತೆರಡೇ