ಶಾಪಾಶಯ, ಮಾಮೂಲು

ತುಮಕೂರಿನ ಚಿಕ್ಕಪೇಟೆಯಲ್ಲಿ ಕಮಲಾಕ್ಷಮ್ಮ ಮತ್ತು ಪಟ್ಟಾಭಿರಾಮ ಅಂತ ಅಕ್ಕ ತಮ್ಮ ಇದ್ದರು. ಅವರಿಗಿದ್ದ ಹುಚ್ಚು ಊರಲ್ಲಿ ಇನ್ಯಾರಿಗೂ ಇರಲಿಲ್ಲ. ಸಂಜೆಯಾದರೆ ಬೇರೆ ಮನೆಗಳಲ್ಲಿ ಜನ ಪಗಡೆ ಹಾಸುತ್ತಿದ್ದರು, ಇಲ್ಲವೇ ಪಕ್ಕದ ಮನೆಯವರನ್ನು ಆಡಿಕೊಳ್ಳುತ್ತಿದ್ದರು. ಇವರು ನಡುಮನೆಯಲ್ಲಿ ಸ್ಲೇಟು ಹಿಡಿದು ಕೂತು, ಯಾವ ಕಾಲದಲ್ಲೋ ಸತ್ತು ಮಣ್ಣಾದ ಪುಣ್ಯಾತ್ಮನೊಬ್ಬ ಬೇಕೆಂದೇ ಗೋಜಲು ಮಾಡಿಟ್ಟ ಅಕ್ಷರಗಳನ್ನು ಬಿಡಿಸುತ್ತಿದ್ದರು. ಅಕ್ಷರಕ್ಕೊಂದು ಅಂಕಿ ಕೊಟ್ಟು ಇಸವಿ ಬಚ್ಚಿಟ್ಟ ಶ್ಲೋಕ, ಚಕ್ರದ ಅರೆಗಳಲ್ಲಿ ಹೆಸರು ಅಡಗಿಸಿದ ಪದ್ಯ, ಯಾವುದು ಸಿಕ್ಕರೂ ಸರಿ. ಸಾರು ಒಲೆಯ ಮೇಲೆ ಸೀದು ಕರಕಲಾದರೂ ಇಬ್ಬರಿಗೂ ಪರಿವೆ ಇರುತ್ತಿರಲಿಲ್ಲ.

ಕಲಿಸಿದವರು ಅವರಪ್ಪ. ಪಾಠಶಾಲೆಯ ಪಂಡಿತರು, ಮಹಾ ಮುಂಗೋಪಿ. ಅವರದೊಂದು ಕಟ್ಟಪ್ಪಣೆ ಇತ್ತು: ಒಬ್ಬರು ಬಿಡಿಸಿದ್ದನ್ನು ಇನ್ನೊಬ್ಬರು ಗಟ್ಟಿಯಾಗಿ ತಿರುಗಿ ಓದಬೇಕು. ಓದಿ 'ಸರಿ' ಅನ್ನಬೇಕು. ಆ ಮಾತು ಬಾಯಿಂದ ಬೀಳುವವರೆಗೆ ಅದು ಓದಾಯಿತು ಅಂತ ಲೆಕ್ಕವಿಲ್ಲ. ಅಪ್ಪ ಹೋದ ಮೇಲೂ ಮಕ್ಕಳು ಅದನ್ನು ಬಿಡಲಿಲ್ಲ.

ಕಮಲಾಕ್ಷಮ್ಮ ಹದಿನೆಂಟಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಬಂದ ಮರುವರ್ಷವೇ ತಾಯಿ ತೀರಿಕೊಂಡಳು. ಪಟ್ಟಾಭಿ ಆಗಿನ್ನೂ ಚಡ್ಡಿಯ ಹುಡುಗ. ಅವನಿಗೆ ತುತ್ತಿಟ್ಟು, ತಲೆ ಬಾಚಿ, ಜ್ವರ ಬಂದಾಗ ಪಕ್ಕದಲ್ಲಿ ಕೂತು ಬೆಳೆಸಿದವಳು ಅಕ್ಕನೇ. ಈಗ ಅವನು ಗುಬ್ಬಿಯಲ್ಲಿ ಮೇಷ್ಟ್ರು, ದಿನಾ ರೈಲಿನಲ್ಲಿ ಓಡಾಟ. ಮದುವೆಯ ಮಾತೆತ್ತಿದರೆ ಮುಖ ಸಿಂಡರಿಸುತ್ತಿದ್ದ. ಅವಳಿಗೆ ಲೋಕದಲ್ಲಿ ಇದ್ದವನು ಅವನೊಬ್ಬನೇ. ಅವನಿಗೂ ಅಷ್ಟೇ ಅನ್ನಿ.

ಕೆಲಸವನ್ನು ಅವರು ಹಂಚಿಕೊಂಡಿದ್ದರು. ಅವನು ಊರೂರು ಅಲೆದು ಶಾಸನದ ಕಲ್ಲಿನ ಮೇಲೆ ಒದ್ದೆ ಕಾಗದ ಬಡಿದು, ಮಸಿ ಒತ್ತಿ ಅಚ್ಚು ತರುತ್ತಿದ್ದ. ಮನೆ ಬಿಟ್ಟರೆ ದೇವಸ್ಥಾನ, ದೇವಸ್ಥಾನ ಬಿಟ್ಟರೆ ಮನೆ ಎಂದಿದ್ದ ಅವಳು ಅದನ್ನು ಬಿಡಿಸುತ್ತಿದ್ದಳು. ಇನ್ನು ಶಾಸನ ಅಂದ ಮೇಲೆ ಕೊನೆಯಲ್ಲಿ ಶಾಪ ಇದ್ದೇ ಇರುತ್ತದೆ. ಇದಕ್ಕೆ ತಪ್ಪಿದವರು ಗಂಗೆಯ ತಡಿಯಲ್ಲಿ ಸಾವಿರ ಕವಿಲೆಯ ಕೊಂದ ಪಾಪಕ್ಕೆ ಹೋಹರು, ಹೀಗೆ. ಎಲ್ಲ ಕಲ್ಲಿಗೂ ಒಂದೇ ಪಲ್ಲವಿ. ಶಾಸನ ಓದುವ ಜಾತಿಯವರು ಯಾರೂ ಅದನ್ನು ಓದುವುದಿಲ್ಲ, ಸತ್ಯನಾರಾಯಣ ಪೂಜೆಯಲ್ಲಿ ಪ್ರಸಾದಕ್ಕೆ ಕಾದವರು ಕಥೆ ಕೇಳುವುದಿಲ್ಲವಲ್ಲ, ಹಾಗೆ. ಪಟ್ಟಾಭಿಯೂ ಆ ಭಾಗ ಬಂದರೆ ಕಾಗದವನ್ನು ಹಿಂದಕ್ಕೆ ಮಡಿಸಿ, ಮಡಿಕೆಯ ಮೇಲೆ 'ಶಾಪಾಶಯ, ಮಾಮೂಲು' ಎಂದು ಗೀಚಿಬಿಡುತ್ತಿದ್ದ.

ಏಕೀಕರಣವಾದ ಮರುವರ್ಷ, ಬೇಸಿಗೆ ರಜದಲ್ಲಿ, ಅವನು ಗುಬ್ಬಿಗೂ ಕುಣಿಗಲ್ಲಿಗೂ ನಡುವಿನ ಹಿರೇಗೌಡನ ಕೆರೆಯಿಂದ ಒಂದು ಅಚ್ಚು ತಂದ. ಏರಿಯ ಹೊರಮಗ್ಗುಲಲ್ಲಿ, ಬುಡಕ್ಕೆ, ಕಲ್ಲು ಕಟ್ಟಿದ ಗುಂಡಿಯಂತಹ ಹಳೆಯ ತೂಬಿತ್ತು. ಕೆರೆನೀರು ಒಂದು ಕಾಲದಲ್ಲಿ ಅಲ್ಲಿಂದ ಗದ್ದೆಗೆ ಹೋಗುತ್ತಿದ್ದಿರಬೇಕು. ಈಗ ಬೇರೆ ತೂಬಾಗಿ ಇದನ್ನು ಕೇಳುವವರಿರಲಿಲ್ಲ. ಕಿರಿದಾದ ಮೆಟ್ಟಿಲು ಇಳಿದು ಹೋದರೆ ಎದುರಿಗೆ ಶಾಸನ, ಅದರ ಬಲಕ್ಕೆ ಆಳೆತ್ತರದ ಬೋಳು ಚಪ್ಪಡಿ.

"ಅಕ್ಕಾ, ಇದು ನೆಟ್ಟಗಿಲ್ಲ. ಎರಡು ಸಾಲು ಬರೀ ಕಲಸುಮೇಲೋಗರ," ಅಂದ.

ಅವಳು ನೋಡಿದಳು, ನಕ್ಕಳು. "ದಡ್ಡ. ಗೋಮೂತ್ರಿಕೆ ಕಣೋ ಇದು!"

ಎತ್ತು ನಡೆಯುತ್ತಲೇ ಉಚ್ಚೆ ಹೊಯ್ದರೆ ದಾರಿಯಲ್ಲಿ ಅಂಕುಡೊಂಕು ಗೆರೆ ಬೀಳುತ್ತದಲ್ಲ, ಓದುವ ದಾರಿ ಅದೇ. ಮೇಲಿನ ಸಾಲಿನ ಒಂದು ಅಕ್ಷರ, ಕೆಳಗಿನ ಸಾಲಿನ ಒಂದು, ಮತ್ತೆ ಮೇಲೆ, ಮತ್ತೆ ಕೆಳಗೆ. ಅವಳು ಸ್ಲೇಟಿನ ಮೇಲೆ ಇಳಿಸಿದಳು: ತೂಬಿನ ಬಲಗಲ್ಲ ಕೆಳಗೆ ಇರಿಸಿದೆವು.

ಪಟ್ಟಾಭಿ ತಿರುಗಿ ಓದಿದ. "ಸರಿ," ಅಂದ. ಆಮೇಲೆ, "ಏನನ್ನ?" ಅಂದ.

ಏನನ್ನು ಅಂತ ಕಲ್ಲು ಹೇಳಲಿಲ್ಲ. ಸಾಲು ಅಲ್ಲಿಗೇ ಮುಗಿದಿತ್ತು. ಕೆಳಗೆ 'ಇದಕ್ಕೆ ತಪ್ಪಿದವರು' ಅಂತ ಶುರುವಾಗಿದ್ದನ್ನು ಅವನು ಕಣ್ಣಾರೆ ಕಂಡಿದ್ದ, ಎಂದಿನ ಹಾಗೆ ಮಡಿಸಿದ್ದ.

"ಕೆಳಗೇನಿದೆ ನೋಡ್ಲೇನೋ?" ಎಂದು ಅವಳು ಮಡಿಕೆಗೆ ಕೈ ಹಾಕಿದ್ದು ನಿಜ.

"ಅಯ್ಯೋ ಶಾಪ ಅಕ್ಕ, ಮಾಮೂಲು. ಅದೇ ಗಂಗೆ, ಅದೇ ಹಸು."

"ಹಾಗಾದ್ರೆ ಬಿಡು," ಅಂದಳು. ಅಂದವಳೂ ಅವಳೇ.

ಈ ಸುದ್ದಿ ಅವನ ಬಾಯಲ್ಲಿ ನಿಲ್ಲಲಿಲ್ಲ. ಚೇಳೂರಿನ ತೆಂಗಿನಕಾಯಿ ಮಂಡಿಯ ಕರಿಸಿದ್ದಪ್ಪನ ಕಿವಿಗೆ ಬಿತ್ತು. ದಪ್ಪ ಆಳು, ಹಳೇ ಜೀಪೊಂದನ್ನು ಇಟ್ಟುಕೊಂಡು ಮೆರೆಯುತ್ತಿದ್ದ. ಮಳೆಗಾಲ ಮುಗಿಯುತ್ತ ಬಂದಾಗ ಒಂದು ಭಾನುವಾರ ಚಿಕ್ಕಪೇಟೆಗೇ ಬಂದು ಜಗುಲಿಯಲ್ಲಿ ಕೂತ.

"ಆ ಬಲಗಲ್ಲು ನಾನೂ ನೋಡ್ಕಂಡ್ ಬಂದೆ ಮೇಷ್ಟ್ರೇ. ಬೇಸಿಗೇಲೂ ಬೆವರ್ತದಂತೆ. ನಿಧಿ ಇರೋ ಕಲ್ಲೇ ಬೆವರೋದು."

"ನಿಧಿ ಗಿಧಿ ನನಗೆ ಬೇಡ," ಅಂದ ಪಟ್ಟಾಭಿ. "ತಾಮ್ರದ ಪಟವೋ, ಇನ್ನೊಂದು ಶಾಸನವೋ ಇದ್ದೀತು. ದೀಪಾವಳಿ ಆದ್ಮೇಲೆ ಬೆಂಗಳೂರಿಂದ ಶಾಸನದವರು ಬರ್ತಾರಂತೆ. ಬಂದ್ರೆ ಅವರ ಹೆಸರು ಬರುತ್ತೆ. ಅಷ್ಟರೊಳಗೆ ನಾನು ನೋಡ್ಬೇಕು."

"ಮತ್ಯಾಕೆ ತಡ? ನಾಳೆ ನಾಡಿದ್ದರಲ್ಲಿ ಎಬ್ಬಿಸ್ಬುಡಾನ. ಆಳು, ಹಾರೆ ನಂದು." ಕರಿಸಿದ್ದಪ್ಪ ದನಿ ತಗ್ಗಿಸಿ, ಒಳಬಾಗಿಲಲ್ಲಿ ನಿಂತಿದ್ದ ಕಮಲಾಕ್ಷಮ್ಮನ ಕಡೆ ನೋಡಿದ. "ಅಮ್ಮಾವ್ರೇ, ಓದಿದೋರು ತಾವಂತೆ. ಅದು ಏನಾರ ಕೇಳ್ತದಾ? ಕೋಳಿನೋ, ಕುರಿನೋ... ಅದಕ್ಕೂ ದೊಡ್ದೋ?"

ಅವಳು ಒಂದು ಹೆಜ್ಜೆ ಒಳಕ್ಕೆ ಸರಿದಳು. "ಏನೂ ಕೇಳಿಲ್ಲ," ಅಂದಳು.

"ಕೇಳ್ದೆ ಯಾವ್ದೂ ಕೊಡಾಕಿಲ್ಲ ಬುಡಿ," ಎಂದು ಅವನು ಎದ್ದು ಹೋದ.

ಅವನು ಹೋದ ಮೇಲೆ ಅವಳು ತಮ್ಮನಿಗೆ ಬೈದಳು. "ಅವನ ಸಹವಾಸ ಬೇಡ ಕಣೋ. ಕೆರೆ ಬತ್ತಲಿ, ಬೇಸಿಗೇಲಿ ನೋಡಿದ್ರಾಯ್ತು. ಆ ಸಾಲು ಪೂರ್ತಿ ಆಗಿಲ್ಲ ಅಂತ ನನಗೆ ಒಳಗೊಳಗೇ ಕೊರೀತಿದೆ."

"ನಿನಗೆ ಯಾವಾಗ್ಲೂ ಏನಾದ್ರೂ ಕೊರೀತಿರುತ್ತೆ," ಎಂದು ಅವನು ನಕ್ಕ. ಮಂಗಳವಾರ ಶಾಲೆಗೆ ರಜೆ ಹಾಕಿ, ಅವಳು ಕಟ್ಟಿಕೊಟ್ಟ ಮೊಸರನ್ನ ಹಿಡಿದು ಬೆಳಗಿನ ರೈಲಿಗೆ ಹೊರಟ. ಗುಬ್ಬಿಯಿಂದ ಮುಂದಕ್ಕೆ ಕರಿಸಿದ್ದಪ್ಪನ ಜೀಪು. ಹೋಗುವಾಗ ಬೀದಿಯ ತಿರುವಿನಲ್ಲಿ ನಿಂತು ಕೈ ಬೀಸಿದ, ಯಾವತ್ತೂ ಬೀಸುವವನಲ್ಲ. ಅವಳಿಗೆ ಅದು ಯಾಕೋ ಹಿಡಿಸಲಿಲ್ಲ.

ಚಿತ್ತೆ ಮಳೆ ಹಿಂದಿನ ವಾರವೆಲ್ಲ ಹಿಡಿದು ಹೊಡೆದಿತ್ತು. ಜಿಲ್ಲೆಯ ಕೆರೆಗಳೆಲ್ಲ ಕೋಡಿಗೆ ಬಂದಿವೆ ಅಂತ ಹಾಲಿನವಳು ಹೇಳಿ ಹೋದಳು. ಕಮಲಾಕ್ಷಮ್ಮ ಸುಮ್ಮನೆ ಕೂರಲಾರದೆ ಅಚ್ಚಿನ ಕಾಗದ ತೆಗೆದಳು. ಶಾಸನದವರು ಬಂದರೆ ತೋರಿಸಲು ದಪ್ಪ ರಟ್ಟಿಗೆ ಅಂಟಿಸಿಡೋಣ ಅನ್ನಿಸಿತು. ಅಂಟಿಸಬೇಕಾದರೆ ಮಡಿಕೆ ಬಿಚ್ಚಲೇಬೇಕಲ್ಲ.

ಬಿಚ್ಚಿದಳು. 'ಇದಕ್ಕೆ ತಪ್ಪಿದವರು' ಎಂದಿತ್ತು. ಅದರ ಮುಂದೆ ಗಂಗೆ ಇರಲಿಲ್ಲ. ವಾರಣಾಸಿ ಇರಲಿಲ್ಲ. ಕವಿಲೆಯೂ ಇರಲಿಲ್ಲ. ಎರಡು ಸಾಲು ಕಲಸುಮೇಲೋಗರ, ಮೇಲಿದ್ದ ಹಾಗೆಯೇ.

ಅಯ್ಯೋ ದೇವರೇ! ಎಂಥ ಖದೀಮ ಅವನು, ಆ ಕಲ್ಲು ಕೆತ್ತಿಸಿದವನು! ಕೆರೆಯ ಗುಟ್ಟು ಶತ್ರುವಿಗೆ ತಿಳಿದರೆ ಒಡೆದು ಊರು ಮುಳುಗಿಸಿಯಾನು, ತನ್ನವರಿಗೆ ತಿಳಿಯದಿದ್ದರೆ ತಾವೇ ಒಡೆದುಕೊಂಡಾರು. ಅದಕ್ಕೇ ಯಾರೂ ಓದದ ಜಾಗ ನೋಡಿ ಬಚ್ಚಿಟ್ಟಿದ್ದ. ಅವಳ ಬಳಪ ಮೇಲೆ ಕೆಳಗೆ, ಮೇಲೆ ಕೆಳಗೆ ಓಡಿತು. ನಿಂತಾಗ ಸ್ಲೇಟಿನಲ್ಲಿ ಹೀಗಿತ್ತು: ನೀರ ಬಾಯ. ಕೆರೆ ತುಂಬಿರಲು ಕಿತ್ತವನ ಮನೆಯೊಳು ದೀಪವಿಲ್ಲ.

ಇರಿಸಿದೆವು, ನೀರ ಬಾಯ. ಅಂದರೆ ಕಲ್ಲಿನ ಕೆಳಗಿಟ್ಟದ್ದು ನೀರಿನ ಬಾಯಿಯನ್ನು. ಸಾಲು ಈಗ ಪೂರ್ತಿಯಾಯಿತು. ಕಲ್ಲು ಬೆವರುತ್ತಿದ್ದುದು ಯಾಕೆ ಅಂತಲೂ ತಿಳಿಯಿತು. ಆ ಚಪ್ಪಡಿಯ ಹಿಂದೆ ಇಡೀ ಕೆರೆ ಒತ್ತಿಕೊಂಡು ನಿಂತಿತ್ತು. ತಿರುಗಿ ಓದುವುದಕ್ಕೆ ಪಕ್ಕದಲ್ಲಿ ಯಾರೂ ಇರಲಿಲ್ಲ. ತಾನು ಓದಿದ್ದು ತಪ್ಪಾಗಿರಲಪ್ಪಾ ಎಂದು ಅವಳು ಜೀವಮಾನದಲ್ಲಿ ಮೊದಲ ಸಲ ಬೇಡಿಕೊಂಡಳು.

ಬಾಗಿಲಿಗೆ ಚಿಲಕ ಹಾಕಿದಳೋ ಇಲ್ಲವೋ. ಸೆರಗು ಹೊದ್ದು, ಸ್ಲೇಟನ್ನು ಎದೆಗವಚಿಕೊಂಡು ಬಸ್ ನಿಲ್ದಾಣಕ್ಕೆ ಓಡಿದಳು. ಕುಣಿಗಲ್ ಬಸ್ಸಿನ ಕಂಡಕ್ಟರು, "ಒಬ್ರೇನಾ ಅಮ್ಮಾ?" ಅಂದ. ಅವಳಿಗೆ ಅಳು ಬಂತು. ಬಸ್ಸು ಎಲ್ಲೆಂದರಲ್ಲಿ ನಿಂತಿತು, ಬೈಸಿಕಲ್ಲು ಹತ್ತಿಸಿಕೊಂಡಿತು, ರಾಗಿ ಮೂಟೆ ಇಳಿಸಿತು. ಹೆಬ್ಬೂರಿನಲ್ಲಿ ಡ್ರೈವರು ಕಾಫಿಗೆ ಇಳಿದಾಗ ಅವಳು ಕಿಟಕಿಯಿಂದಲೇ, "ನನ್ನ ತಮ್ಮ ಸಾಯ್ತಾನಪ್ಪ, ಬೇಗ ಬಾ" ಎಂದು ಕೂಗಿಬಿಟ್ಟಳು. ಪಾಪ, ಅವನು ಲೋಟ ಅಲ್ಲೇ ಇಟ್ಟು ಬಂದ.

ಕೆರೆಯ ಕೈಮರದಲ್ಲಿ ಇಳಿದು, ಕೆಸರಿನಲ್ಲಿ ಬಿದ್ದು ಎದ್ದು ಏರಿ ಹತ್ತಿದಳು. ಒಂದು ಕಡೆ ತುಂಬಿದ ಕೆರೆ. ಅಲೆಯಿಲ್ಲ, ಸದ್ದಿಲ್ಲ, ಏರಿಯ ಅಂಚಿನವರೆಗೆ ಕೆಂಪು ನೀರು. ಇನ್ನೊಂದು ಕಡೆ, ಕೆಳಗೆ, ಜೀಪು. ಗುಂಡಿಯ ಬಾಯಲ್ಲಿ ಕರಿಸಿದ್ದಪ್ಪ ಕತ್ತು ಕೊಯ್ದ ಕೋಳಿಯನ್ನು ಹಿಡಿದು ನಿಂತಿದ್ದ. ಒಳಗೆ ಪಟ್ಟಾಭಿ, ಅವನ ಜೊತೆ ಹಾರೆ ಹಿಡಿದ ಇಬ್ಬರು ಆಳುಗಳು. ಕಲ್ಲಿನ ಸಂದಿಗೆ ಹಾರೆ ಹೋಗಿ ಆಗಿತ್ತು.

"ಪಟ್ಟಾಭೀ!"

ಅವನು ತಲೆಯೆತ್ತಿದ. ಅಕ್ಕ ಇಲ್ಲಿಗೆ ಬಂದದ್ದು ಕಂಡು ಅವನಿಗೆ ನಗು ಬಂತು. "ಅಕ್ಕಾ? ನೀನು ಹೇಗೆ ಬಂದ್ಯೇ?"

"ಮಡಿಸಿದ್ದು ಶಾಪ ಅಲ್ಲ ಕಣೋ! ಕೇಳು: ನೀರ ಬಾಯ. ಕೆರೆ ತುಂಬಿರಲು ಕಿತ್ತವನ ಮನೆಯೊಳು ದೀಪವಿಲ್ಲ!"

"ಎತ್ರಲಾ, ಏನ್ ನೋಡ್ತೀರ!" ಎಂದು ಕರಿಸಿದ್ದಪ್ಪ ಗದರಿದ. ಒಬ್ಬ ಹಾರೆಯ ಮೇಲೆ ಭಾರ ಬಿಟ್ಟ. ಚಪ್ಪಡಿ ಸಣ್ಣಗೆ ಕದಲಿತು. ಸಂದಿಯಿಂದ ನೀರು ಒಂದು ಎಳೆಯಾಗಿ ಚಿಮ್ಮಿ ಪಟ್ಟಾಭಿಯ ಮುಖಕ್ಕೆ ಹೊಡೆಯಿತು.

ಅವನು ಮುಖ ಒರೆಸಿಕೊಳ್ಳಲಿಲ್ಲ. ತುಟಿ ಅಲುಗಿತು. ಗಟ್ಟಿಯಾಗಿ, ನಡುಮನೆಯಲ್ಲಿ ಓದುವ ಹಾಗೆಯೇ, ತಿರುಗಿ ಓದಿದ: "ನೀರ ಬಾಯ. ಕೆರೆ ತುಂಬಿರಲು ಕಿತ್ತವನ ಮನೆಯೊಳು..." ಅಷ್ಟರಲ್ಲಿ ಅವನಿಗೆ ಎಲ್ಲ ತಿಳಿದುಹೋಯಿತು. ಅವಳು ಅದನ್ನು ಅವನ ಮುಖದಲ್ಲಿ ಕಂಡಳು. ಅವನು ತಿರುಗಿ ಚಪ್ಪಡಿಗೆ ಬೆನ್ನು ಕೊಟ್ಟು, ಎದುರಿನ ಗೋಡೆಗೆ ಕಾಲು ಒದ್ದು ನಿಂತ. "ಹತ್ರಪ್ಪಾ! ಮೇಲಕ್ಕೆ ಹತ್ರೋ!" ಎಂದು ಆಳುಗಳಿಗೆ ಅರಚಿದ. ಆ ಮೆಟ್ಟಿಲು ಒಬ್ಬೊಬ್ಬರೇ ಹತ್ತುವಂಥದು. ಒಬ್ಬ ಹತ್ತಿದ. ಇನ್ನೊಬ್ಬ ಅವನ ಹಿಂದೆಯೇ ಹತ್ತಿದ.

"ನೀನೂ ಬಾರೋ! ಬಿಟ್ಟು ಬಾರೋ ನನ್ನಪ್ಪಾ!"

ಬಿಟ್ಟರೆ ಬರುವಷ್ಟು ಹೊತ್ತು ಆ ಕಲ್ಲು ಕೊಡುವುದಿಲ್ಲ ಅಂತ ಬೆನ್ನು ಕೊಟ್ಟವನಿಗೆ ಗೊತ್ತಿತ್ತು. ಅವನು ಅಕ್ಕನನ್ನೇ ನೋಡಿದ.

"ಸರಿ, ಅಕ್ಕ," ಅಂದ.

ಕಲ್ಲು ಬಂತು. ಅದರ ಹಿಂದೆ ಕೆರೆ ಬಂತು.

ಅವನನ್ನು ಮಾರನೆಯ ದಿನ, ನೀರು ಇಳಿದ ಮೇಲೆ, ದೂರದ ಗದ್ದೆಯ ಬದುವಿನಲ್ಲಿ ಎತ್ತಿದರು. ಬೇರೆ ಯಾರಿಗೂ ಏನೂ ಆಗಲಿಲ್ಲ, ಫಸಲು ಕೊಚ್ಚಿಹೋಯಿತು ಅಷ್ಟೇ. ಅದು ಕೇಳಿದ್ದನ್ನು ತಗೊಂತು ಎಂದು ಕರಿಸಿದ್ದಪ್ಪ ಚೇಳೂರಿನಲ್ಲಿ ಹೇಳಿಕೊಂಡು ತಿರುಗಿದನಂತೆ. ಅವನ ನಾಲಿಗೆ ಸೇದಿಹೋಗ.

ದೀಪಾವಳಿ ಕಳೆಯಿತು. ಚಿಕ್ಕಪೇಟೆಯ ಬೀದಿಯಲ್ಲಿ ಆ ಒಂದು ಮನೆಯ ಮುಂದೆ ಹಣತೆ ಇರಲಿಲ್ಲ. ಆಮೇಲೆ ಬೆಂಗಳೂರಿನಿಂದ ಶಾಸನದ ಅಧಿಕಾರಿ ಬಂದರು. ಕೋಟು ತೊಟ್ಟ, ಒಳ್ಳೆಯ ಮನುಷ್ಯ. ಕಲ್ಲು ಪ್ರವಾಹದಲ್ಲಿ ಒಡೆದುಹೋಗಿದೆ, ಇನ್ನು ನಿಮ್ಮಲ್ಲಿರುವ ಅಚ್ಚೇ ಗತಿ ಎಂದು ವಿನಯವಾಗಿ ಹೇಳಿ ಚಾಪೆಯ ಮೇಲೆ ಕೂತರು. ಕಮಲಾಕ್ಷಮ್ಮ ಕಾಗದ ಹರಡಿದಳು. ಮೇಲಿನಿಂದ ಓದುತ್ತ ಹೋದಳು, ಅವರು ಬರೆದುಕೊಳ್ಳುತ್ತ ಹೋದರು. 'ಇದಕ್ಕೆ ತಪ್ಪಿದವರು' ಎಂಬಲ್ಲಿಗೆ ಬಂದಾಗ ಅವರು ಪೆನ್ನಿನ ಮುಚ್ಚಳ ಹಾಕಿದರು.

"ಇಷ್ಟು ಸಾಕಮ್ಮ. ಮುಂದಿನದು ಶಾಪಾಶಯ ತಾನೆ? ಮಾಮೂಲು ಅಂತ ಹಾಕ್ಕೋತೀನಿ."

ಅವಳು ಮುಚ್ಚಳವನ್ನು ಅವರ ಕೈಯಿಂದ ತೆಗೆದುಕೊಂಡಳು. ಗಂಡಸರ ಎದುರು ಎಂದೂ ದನಿ ಏರಿಸಿದವಳಲ್ಲ, ಆವತ್ತೂ ಏರಿಸಲಿಲ್ಲ.

"ಬರೀರಿ," ಅಂದಳು. ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. ಅವರು ಬರೆದರು. ಬರೆಯುತ್ತ ಬರೆಯುತ್ತ ಅವರ ಕೈ ನಿಧಾನವಾಯಿತು.

"ಈಗ ತಿರುಗಿ ಓದಿ. ಗಟ್ಟಿಯಾಗಿ."

ಅವರು ಓದಿದರು. ದೀಪವಿಲ್ಲ ಎಂಬಲ್ಲಿಗೆ ನಿಲ್ಲಿಸಿ, ಖಾಲಿ ನಡುಮನೆಯನ್ನೂ ಅವಳನ್ನೂ ನೋಡಿ ತಲೆ ತಗ್ಗಿಸಿದರು. ಅವಳು ಕಾದಳು. ಅವರು ಇನ್ನೊಂದು ಮಾತು ಹೇಳಬೇಕಿತ್ತು, ಅದು ಅವರಿಗೆ ಗೊತ್ತಿರಲಿಲ್ಲ.