ಬಲತೋಳಿಗೆ ಮಾತ್ರ ಅಗಲ

ಟೈಲರ್ ಅಕ್ಕ ತನ್ನ ಅಂಗಿಯ ಬಲತೋಳಿನ ಹೊಲಿಗೆಯನ್ನು ಮತ್ತೆ ಬಿಚ್ಚಿ, ಇನ್ನಷ್ಟು ಅಗಲ ಮಾಡಿ ಹೊಲಿದಳು. ಎಡತೋಳು ಮೊದಲಿದ್ದಷ್ಟೇ ಇತ್ತು.

ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ಮುಗಿದು ವರ್ಷ ಕಳೆದಿತ್ತು. ಬಲ ಸ್ತನವನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದರು. ಈಗ ರೋಗದ ಗುರುತಿಲ್ಲ, ಆದರೂ ತಪಾಸಣೆಗೆ ಬರುತ್ತಿರಬೇಕು ಎಂದು ವೈದ್ಯರು ಹೇಳಿದ್ದರು. ಅಕ್ಕ ಹೋಗುವುದನ್ನೇ ಬಿಟ್ಟಿದ್ದಳು. ಚಿಕಿತ್ಸೆಗೆಂದು ಮುಚ್ಚಿದ್ದ ಅಂಗಡಿಗೆ ಮತ್ತೆ ಬಂದವರಿಗೆ, ಅಷ್ಟು ದಿನ ತಂಗಿ ಮನೆಯಲ್ಲಿದ್ದೆ ಎಂದಿದ್ದಳು.

ವಿಷಯ ಗೊತ್ತಿದ್ದ ಪಕ್ಕದ ಮನೆಯ ನರ್ಸ್ ತನ್ನ ಕೋಟಿಗೆ ಗುಂಡಿ ಹಾಕಿಸಲು ಬಂದಳು.

“ಏನಕ್ಕ, ಒಂದು ತೋಳು ನಿಂದು, ಇನ್ನೊಂದು ಭಾವಂದಾ?”

ಅಕ್ಕ ಕೈ ಹಿಂದಕ್ಕೆಳೆದುಕೊಂಡಳು. “ಮೆಷಿನ್ ಕೆಲಸ ಅಲ್ವಾ, ಊದತ್ತೆ.”

“ಎಡಗೈ ರಜೆ ಹಾಕಿತ್ತಾ? ಅದ್ಯಾಕೆ ಊದಿಲ್ಲ? ಬಲಗೈ ಭಾರ ಅನ್ಸತ್ತಾ?”

“ಸಂಜೆ ಹೊತ್ತಿಗೆ ಕತ್ತರಿ ಎತ್ತಕ್ಕಾಗಲ್ಲ.”

“ಮತ್ತೆ ಡಾಕ್ಟ್ರಿಗೆ ತೋರಿಸ್ಲಿಲ್ವಾ?”

ಅಕ್ಕ ಬಾಗಿಲ ಪರದೆ ಎಳೆದಳು. “ಅಲ್ಲಿ ಬಟ್ಟೆ ಬಿಚ್ಚು ಅಂತಾರೆ. ನಾನಿಲ್ಲಿ ಕನ್ನಡೀನೇ ಗೋಡೆ ಕಡೆ ತಿರುಗಿಸಿಟ್ಟಿದೀನಿ ಕಣೆ. ಮತ್ತೆ ಬಂದಿದೆ ಅಂದ್ಬಿಟ್ರೆ ಮನೇಲಿ ಯಾವ ಮುಖ ಇಟ್ಕೊಂಡು ಹೇಳ್ಲಿ? ಊರಿಗೆ ಗೊತ್ತಾದ್ರೆ ನನ್ ಕೈಗೆ ಅಳತೆ ಕೊಡ್ತಾರಾ?”

“ಇದು ಮುಟ್ಟಿದ್ರೆ ಅಂಟೋ ಕಾಯಿಲೆ ಅಲ್ಲ. ನೀನು ಮಾಡಿದ ತಪ್ಪೂ ಅಲ್ಲ. ಗ್ರಂಥಿ ತೆಗೆದ ಮೇಲೆ ಕೆಲವರಿಗೆ ಆ ಕೈಯಲ್ಲಿ ನೀರು ನಿಲ್ಲತ್ತೆ, ಎಷ್ಟೋ ವರ್ಷ ಆದ್ಮೇಲೂ. ಅದೇನಾ, ಬೇರೇನಾದ್ರೂನಾ ಅಂತ ಪರೀಕ್ಷೆ ಮಾಡೇ ಹೇಳ್ಬೇಕು. ಹೊಲಿಗೆ ಬಿಚ್ಚಿದ್ರೆ ಊತ ಇಳಿಯತ್ತಾ?”

ಆ ಸಂಜೆ ಅಕ್ಕ ತಲೆಯೆತ್ತದೆ, ಕೈ ಊದಿದ್ದನ್ನೂ ತೋಳು ಬಿಚ್ಚಿ ಹೊಲಿದದ್ದನ್ನೂ ಗಂಡನಿಗೆ ಹೇಳಿದಳು. ಆತ ಮೊದಲು ನಗೆಯಾಡಿದ. “ನನ್ನ ಅಂಗಿಗೆ ಗುಂಡಿ ಕೇಳಿ ತಿಂಗಳಾಯ್ತು. ಈ ತೋಳಿಗೆ ಮಾತ್ರ ಬಿಡುವಿತ್ತಾ?” ಆಮೇಲೆ ದನಿ ತಗ್ಗಿಸಿದ. “ನಾನೂ ನೋಡಿದ್ದೆ. ಕೇಳಕ್ಕೆ ನಂಗೂ ನಾಚಿಕೆ ಆಯ್ತು.”

ಮರುದಿನ ಇಬ್ಬರೂ ಆಸ್ಪತ್ರೆಗೆ ಹೋದರು. ರೋಗ ಮರಳಿದ ಲಕ್ಷಣ ಕಾಣಲಿಲ್ಲ. ಊತಕ್ಕೆ ಕಾರಣ ಗ್ರಂಥಿ ತೆಗೆದದ್ದು. ಕೈಗೆ ವ್ಯಾಯಾಮ ಕಲಿಸಿದರು. ಊತ ಹತೋಟಿಯಲ್ಲಿಡುವ ಬಿಗಿ ತೋಳುಪಟ್ಟಿಗೆ ಅಳತೆ ತೆಗೆಯತೊಡಗಿದಾಗ ಅಕ್ಕನಿಗೆ ತಡೆಯಲಾಗಲಿಲ್ಲ. “ಟೇಪ್ ಓರೆ ಹಿಡಿದಿದೀರ,” ಎಂದಳು. ವೈದ್ಯರು ನಕ್ಕರು. “ಬೇಗ ಬಂದಿದ್ರೆ ಇನ್ನೂ ಸುಲಭ ಆಗ್ತಿತ್ತಮ್ಮ,” ಎಂದಾಗ ಅವಳು ಮತ್ತೆ ತಲೆ ತಗ್ಗಿಸಿದಳು.

ಆಮೇಲೊಂದು ದಿನ ಅಂಗಡಿಯಲ್ಲಿ ಹಳೆಯ ಗಿರಾಕಿಯೊಬ್ಬಳು ತೋಳುಪಟ್ಟಿ ನೋಡಿ, “ಕೈಗೇನಾಯ್ತೇ?” ಎಂದಳು. ಅಕ್ಕನ ನಾಲಿಗೆಗೆ ಮೊದಲು ಬಂದದ್ದು ಸುಳ್ಳೇ. ಅದನ್ನು ನುಂಗಿಕೊಂಡಳು.

“ಕ್ಯಾನ್ಸರ್ ಆಗಿತ್ತು. ಆಗ ತಂಗಿ ಮನೇಲಿದ್ದೆ ಅಂದಿದ್ದು ಸುಳ್ಳು, ಆಸ್ಪತ್ರೇಲಿದ್ದೆ.”

ಗಿರಾಕಿ ಕೈಲಿದ್ದ ಚೀಲ ಕೆಳಗಿಟ್ಟಳು. ಆಮೇಲೆ ಎರಡೂ ಕೈ ಎತ್ತಿ ನಿಂತಳು. “ಹೂಂ, ಅಳತೆ ತಗೋ.”

ಚಿಕಿತ್ಸೆ ಮುಗಿಸಿದವರೇ, ತಪಾಸಣೆ ಬಿಡಬೇಡಿ. ಕೈ ಊದಿದರೆ, ಭಾರವೆನಿಸಿದರೆ ತೋರಿಸಿ. ಕೆಂಪಾದರೆ, ಬಿಸಿಯಾದರೆ, ಇಲ್ಲವೇ ಜ್ವರ ಬಂದರೆ ಅಂದೇ ಹೋಗಿ. ಮನೆಯವರೇ, ಕಂಡದ್ದನ್ನು ಕೇಳಿ. ನಿಮ್ಮ ಮನೆಯಲ್ಲೂ ಯಾರೋ ಸದ್ದಿಲ್ಲದೆ ಹೊಲಿಗೆ ಬಿಚ್ಚುತ್ತಿರಬಹುದು.